ಶಹಾಡಿನಿಂದ ಶರಣಪುರಕ್ಕೆ

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಅಲ್ಲಿಂದ ಒಂದೆರಡು ನಿಮಿಷಕ್ಕೆ ಗಾಡಿ ಉಲ್ಹಾಸ ನದಿಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಜಲಕಳೆ ಹೊದ್ದು ಹುಲ್ಲುಗಾವಲಿನಂತೆ ತೋರುವ ಈ ನದಿಯ ನೀರನ್ನೇ ಇಲ್ಲಿಂದ ಎತ್ತಿ ಠಾಣೆ, ಭಿವಂಡಿಗಳಿಗೆ ಕಳಿಸುತ್ತಾರೆ. 'ತಾವು ಎಲ್ಲಿಯವರು?' ಎಂದು ಕೇಳಿದರೆ 'ಇಲ್ಲಿಯವರೇ' ಎಂಬ ಉತ್ತರ ಬರುವುದು ಈ ಊರಿನಲ್ಲಿ ಅಪರೂಪ. ನಿಲ್ದಾಣದ ಆಚೆಯ ಉಲ್ಹಾಸನಗರ, ದೇಶ ವಿಭಜನೆಯ ಕಾಲದಲ್ಲಿ ಸಿಂಧ್ ಬಿಟ್ಟು ಬಂದವರಿಗೆ ಸೈನಿಕ ಶಿಬಿರದ ಬರಾಕುಗಳಲ್ಲಿ ನೆಲೆ ಕಲ್ಪಿಸಿದಾಗ ಹುಟ್ಟಿದ ಊರು. ಸೆಂಚುರಿ ರೇಯಾನ್ ಕಾರ್ಖಾನೆ ದುಡಿಯುವ ಕೈಗಳನ್ನು ಎಲ್ಲೆಲ್ಲಿಂದಲೋ ಕರೆಸಿಕೊಂಡಿತು. ನಮ್ಮಂಥವರನ್ನು ತಂದದ್ದು ಸರ್ಕಾರಿ ವರ್ಗಾವಣೆಯ ಒಂದು ಹಾಳೆ.

ಇಂಥ ಊರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ದೌರ್ಬಲ್ಯವಿದೆ, ಅದು ನಮ್ಮಲ್ಲೂ ಇದೆ. ನೆರೆಹೊರೆಯವರು 'ನೀವು ಇಲ್ಲಿಗೆ ಯಾವಾಗ ಬಂದಿರಿ?' ಎಂದು ಕೇಳಿದೊಡನೆ ನಮ್ಮ ಕೂಟದ ಹಿರಿಯರೊಬ್ಬರು 'ಒಂಬತ್ತನೆಯ ಶತಮಾನದಲ್ಲಿ' ಎನ್ನುತ್ತಾರೆ. ಅದು ಬರಿಯ ಹಾಸ್ಯವಲ್ಲ. ಕಾನ್ಹೇರಿಯ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೇಳುವ ಶಾಸನಗಳಿವೆ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಅವನ ಸಾಮಂತರಾಗಿದ್ದರು. ಅದೇ ಗುಹೆಗಳಲ್ಲಿ ಅದಕ್ಕಿಂತ ಎಷ್ಟೋ ಹಿಂದೆ ಕಲ್ಯಾಣದ ದಾನಿಗಳು ತಮ್ಮ ಊರಿನ ಹೆಸರನ್ನೂ ಕೆತ್ತಿಸಿದ್ದಾರೆ. ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಗೋದಾವರಿಯವರೆಗೆ ಎಳೆದಿದೆಯಷ್ಟೆ! ಕಲ್ಯಾಣದ ರೈಲ್ವೆ ಮೇಲ್ಸೇತುವೆಯಲ್ಲಿ ನೂಕುನುಗ್ಗಲಿಗೆ ಸಿಕ್ಕಿ 'ಏ ಅಣ್ಣಾ, ಸರಕ್' ಎಂಬ ಮಾತು ಕೇಳಿಸಿಕೊಂಡ ಸಂಜೆ ಈ ಶಾಸನಗಳು ನಮಗೆ ಎಷ್ಟು ಸಮಾಧಾನ ಕೊಟ್ಟಿವೆ ಎಂಬುದು ನಮಗೇ ಗೊತ್ತು.

ಎರಡು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಯಲ್ಲಾಪುರ ತಾಲ್ಲೂಕಿನ ತರುಣನೊಬ್ಬ ನೇಮಕಗೊಂಡು ಬಂದ. ಸಿದ್ದಿ ಸಮುದಾಯದವನು. ಮೊದಲ ವಾರದಲ್ಲೇ ಅವನ ಕನ್ನಡ ಕೇಳಿ ಬೆರಗಾದೆವು. ಇಪ್ಪತ್ತು ವರ್ಷ ಪರಸ್ಥಳದಲ್ಲಿದ್ದು ಸವೆದುಹೋದ ನಮ್ಮ ಮಾತಿಗಿಂತ ಅವನದು ಎಷ್ಟೋ ಹಸನಾಗಿತ್ತು. ಮನೆಮಾತು ಕೊಂಕಣಿ ಬೆರೆತದ್ದಾದ್ದರಿಂದ ಮರಾಠಿಯೂ ಅವನಿಗೆ ನಮಗಿಂತ ಬೇಗ ಒಲಿಯಿತು. ನಮ್ಮಿಬ್ಬರಲ್ಲಿ ಒಬ್ಬರನ್ನು 'ಸಾರ್' ಎಂದೂ ಇನ್ನೊಬ್ಬರನ್ನು 'ಅಕ್ಕ' ಎಂದೂ ಕರೆಯುತ್ತ ಭಾನುವಾರಗಳಂದು ಊಟಕ್ಕೆ ಬರುವವನಾದ.

ಅವನಿಗೆ ಬಾಡಿಗೆ ಮನೆ ಹುಡುಕಲು ನಾವೂ ಜತೆಗೆ ತಿರುಗಿದ್ದೇವೆ. ಫೋನಿನಲ್ಲಿ ಮರಾಠಿಯಲ್ಲಿ ಮಾತನಾಡಿ ಒಪ್ಪಿದ ಮನೆಯವರು ಬಾಗಿಲು ತೆರೆದು ಮುಖ ನೋಡಿದೊಡನೆ 'ಫಾರಿನರಿಗೆ ಕೊಡುವುದಿಲ್ಲ' ಎಂದರು. ಅವನು ಆಧಾರ್ ಕಾರ್ಡು ತೋರಿಸಿದ. ಅವರು ಅದನ್ನು ತಿರುಗಿಸಿ ನೋಡಿ 'ವೀಸಾ?' ಎಂದರು. ಇನ್ನೊಂದು ಕಡೆ ಅವನ ಗುರುತಿಗೆ ಕಚೇರಿಯ ಪತ್ರವೂ ಸಾಲದೆ ನಾವೇ ಸಾಕ್ಷಿಯಾಗಿ ನಿಲ್ಲಬೇಕಾಯಿತು. ಪ್ರವಾಸಿ ತಾಣವೊಂದರ ಟಿಕೆಟ್ ಕಿಟಕಿಯಲ್ಲಿ, ಯಾವುದೆಂದು ಬೇಡ, ನಮ್ಮಿಬ್ಬರಿಗೆ ಭಾರತೀಯರ ದರದ ಚೀಟಿ ಹರಿದುಕೊಟ್ಟವನು ಅವನಿಗೆ ವಿದೇಶಿಯರ ದರ ಕೇಳಿದ. ಈ ಪ್ರಸಂಗಗಳನ್ನೆಲ್ಲ ಅವನು ನಗುನಗುತ್ತಲೇ ಹೇಳುತ್ತಾನೆ. ಹಾಗೆ ಹೇಳುವುದು ಅವನು ರೂಢಿಸಿಕೊಂಡ ವಿದ್ಯೆ ಎಂದು ನಮಗೆ ತಿಳಿದದ್ದು ನಿಧಾನವಾಗಿ.

ಒಂದು ಭಾನುವಾರ ನಾವು ಎಂದಿನ ಉತ್ಸಾಹದಲ್ಲಿ ಕಾನ್ಹೇರಿಯ ಕತೆಯನ್ನು ಬಡಿಸುತ್ತಿದ್ದಾಗ ಅವನು ಮೆಲ್ಲನೆ ಕೇಳಿದ: 'ಸಾರ್, ನಮ್ಮವರದ್ದೂ ಇಲ್ಲಿ ಎಲ್ಲಾದರೂ ಕಲ್ಲು ಇದೆಯಾ?'

ಇದೆ ಎಂದು ಹೇಳಲು ನಮಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಲಿಕ್ ಅಂಬರ್ ಇದ್ದನಲ್ಲ. ಹದಿನಾರನೆಯ ಶತಮಾನದ ಮಧ್ಯದಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದಿನ ಮೂಲಕ ದಖನ್ನಿಗೆ ಬಂದವನು. ಅವನನ್ನು ಕೊಂಡ ಚಂಗೀಸ್ ಖಾನನೂ ಹಬ್ಶಿಯೇ, ಅಹಮದ್‌ನಗರದ ನಿಜಾಮಶಾಹಿಯ ಪೇಶ್ವೆಯಾಗಿದ್ದವನು. ಒಡೆಯ ಸತ್ತ ಮೇಲೆ ಬಿಡುಗಡೆ ಹೊಂದಿ, ಕೆಲಕಾಲ ಬಿಜಾಪುರದ ಸೇವೆಯಲ್ಲೂ ಇದ್ದು, 1600ರಲ್ಲಿ ಅಹಮದ್‌ನಗರ ಮೊಗಲರ ವಶವಾದಾಗ ಹೊಸ ಸುಲ್ತಾನನೊಬ್ಬನನ್ನು ಪಟ್ಟಕ್ಕೆ ಕೂರಿಸಿ ರಾಜ್ಯವನ್ನು ತಾನೇ ನಡೆಸಿದ. 1610ರಲ್ಲಿ ಖಡಕಿ ಎಂಬ ರಾಜಧಾನಿ ಕಟ್ಟಿದ, ಅದೇ ಮುಂದೆ ಔರಂಗಾಬಾದ್ ಆಯಿತು. ಅಲ್ಲಿಗೆ ನೆಲದಡಿಯ ಕಾಲುವೆಗಳಲ್ಲಿ ನೀರು ತಂದ. ಶಿವಾಜಿಯ ತಂದೆ ಶಹಾಜಿ ಅವನ ಸೇನೆಯಲ್ಲಿ ಕಾದಾಡಿದವನು. 1624ರಲ್ಲಿ ಭಾತವಡಿಯಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿ, ಎರಡು ವರ್ಷಗಳ ತರುವಾಯ ತೀರಿಕೊಂಡ. ಅವನ ಗೋರಿ ಖುಲ್ದಾಬಾದಿನಲ್ಲಿದೆ. ಜಹಾಂಗೀರ್ ಬಾದಶಹನಿಗೆ ಅವನನ್ನು ಯುದ್ಧದಲ್ಲಿ ಕೊಲ್ಲಲಾಗದೆ, ಚಿತ್ರಕಾರ ಅಬುಲ್ ಹಸನ್‌ನಿಂದ ಅಂಬರನ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಯಿಸಿಕೊಂಡು ತೃಪ್ತನಾಗಬೇಕಾಯಿತು.

ನಮ್ಮ ಮಾತು ಅಲ್ಲಿಗೆ ನಿಲ್ಲಲಿಲ್ಲ. ಬಿಜಾಪುರದಲ್ಲಿ ಮುಹಮ್ಮದ್ ಆದಿಲಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬ್ಶಿ. ಬೀದರಿನ ಹೊರಗಿನ ಗುಡ್ಡಕ್ಕೆ ಇಂದಿಗೂ ಹಬ್ಶಿ ಕೋಟ್ ಎಂಬ ಹೆಸರು. ಜಂಜೀರಾದ ಸಮುದ್ರಕೋಟೆಯನ್ನು ಸಿದ್ದಿ ನವಾಬರು 1948ರವರೆಗೆ ಆಳಿದರು. 1636ರ ಒಪ್ಪಂದದಲ್ಲಿ ಬಿಜಾಪುರಕ್ಕೆ ಸೇರಿದ್ದ ನಮ್ಮ ಈ ಕಲ್ಯಾಣವನ್ನು ಶಿವಾಜಿ 1657ರಲ್ಲಿ ಗೆದ್ದು, ಖಾಡಿಯ ದಡದ ದುರ್ಗಾಡಿಯಲ್ಲಿ ನೌಕಾಪಡೆಗೆ ಹಡಗು ಕಟ್ಟಿಸತೊಡಗಿದನಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ಆ ಜಂಜೀರಾದ ಸಿದ್ದಿಗಳೇ.

ಎಲ್ಲವನ್ನೂ ಕೇಳಿ ಅವನು ಹೇಳಿದ: 'ಇವರೆಲ್ಲ ದೊಡ್ಡವರು ಸಾರ್. ನಮ್ಮ ಅಜ್ಜಂದಿರು ಬೇರೆಯವರ ಅಡಿಕೆ ತೋಟದಲ್ಲಿ ಸೊಪ್ಪು ಹೊತ್ತವರು.'

ಅಮೋಘವರ್ಷನ ಹೆಸರಿನಿಂದ ನಾವು ಪಡೆಯುವ ಸಮಾಧಾನವನ್ನು ಮಲಿಕ್ ಅಂಬರನಿಂದ ಅವನೂ ಪಡೆಯಲಿ ಎಂದು ನಾವು ಬಯಸಿದ್ದೆವು. ಅವನು ಬೇಡವೆಂದ. ಉತ್ತರ ಕನ್ನಡದ ಸಿದ್ದಿಗಳ ಹಿರಿಯರಲ್ಲಿ ಬಹುಪಾಲು ಜನ ಆಸ್ಥಾನದ ಹಬ್ಶಿಗಳಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದ ಗುಲಾಮರು, ಅರಬ ವ್ಯಾಪಾರಿಗಳು ತಂದು ಮಾರಿದವರು. ಅವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಗಳ ಸುತ್ತಮುತ್ತ ಅವರ ಹಾಡಿಗಳಿವೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರು ಇದ್ದಾರೆ, ಡಮಾಮಿ ಎಂಬ ಚರ್ಮವಾದ್ಯ ಮಾತ್ರ ಎಲ್ಲರಿಗೂ ಸೇರಿದ್ದು. ಹೈದರಾಬಾದಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅನುವಂಶೀಯ ಅಧ್ಯಯನ, ಅವರ ಪೂರ್ವಜರು ಆಫ್ರಿಕದ ಬಂಟು ಭಾಷಿಕ ಜನಾಂಗಗಳಿಗೆ ಹತ್ತಿರದವರೆಂದು ತೋರಿಸಿತು. ಕಾಡಿಗೆ ಓಡಿದವರು ಶಾಸನ ಕೆತ್ತಿಸುವುದಿಲ್ಲ. ಹೆಸರು ಮರೆಯಾದಷ್ಟೂ ಅವರಿಗೆ ಕ್ಷೇಮ.

ಹಾಗಾದರೆ ಈ ಸೀಮೆಯಲ್ಲಿ, ದೊಡ್ಡವರಲ್ಲದ ಆಫ್ರಿಕನ್ನರ ಗುರುತು ಎಲ್ಲಿದೆ? ನಮಗೆ ನೆನಪಾದದ್ದು ನಾಸಿಕ. ಅದೂ ನಾವು ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕಾಲದಲ್ಲಿ ಗ್ರಂಥಾಲಯದಲ್ಲಿ ತಿರುವಿ ಹಾಕಿದ್ದ ಲಿವಿಂಗ್‌ಸ್ಟನ್ನನ ಕೊನೆಯ ದಿನಚರಿಗಳಿಂದ. ಅದರಲ್ಲಿ 'ನಾಸಿಕದ ಹುಡುಗರು' ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಆಫ್ರಿಕದ ನಡುಗಾಡಿನಲ್ಲಿ ನಾಸಿಕದ ಹುಡುಗರಿಗೆ ಏನು ಕೆಲಸ ಎಂದು ಆಗ ಕ್ಷಣಕಾಲ ಯೋಚಿಸಿ ಪುಟ ಮಗುಚಿದ್ದೆವು.

ಮೇ ತಿಂಗಳ ಕೊನೆಯ ಭಾನುವಾರ ಮೂವರೂ ಕಸಾರಾ ಗಾಡಿ ಹತ್ತಿದೆವು. ಟಿಟವಾಳಾ ದಾಟಿದ ಮೇಲೆ ಗಾಡಿಯ ಜನ ಬದಲಾಗುತ್ತಾರೆ. ಆಟಗಾಂವ್, ಖರ್ಡಿಗಳಲ್ಲಿ ಬುಟ್ಟಿ ಹೊತ್ತ ಠಾಕರ, ಕಾತಕರಿ ಹೆಂಗಸರು ಹತ್ತಿ ಇಳಿಯುತ್ತಾರೆ. ಆ ಕಾಲಕ್ಕೆ ಎಲೆಯ ದೊನ್ನೆಗಳಲ್ಲಿ ಕರವಂದಿ, ಅಂದರೆ ನಮ್ಮ ಕವಳಿ ಹಣ್ಣು. ನಮ್ಮ ಗೆಳೆಯ ದೊನ್ನೆ ಕೊಂಡು, ಬಾಗಿಲ ಬಳಿ ನೆಲದಲ್ಲೇ ಕುಳಿತಿದ್ದ ಆ ಹೆಂಗಸಿನೊಡನೆ ಮಾತಿಗಿಳಿದ. ಅವನ ಕೊಂಕಣಿ, ಅವಳ ಠಾಕರಿ ಮರಾಠಿ. ಹಣ್ಣು ಎಲ್ಲಿ ಆಯ್ದದ್ದು, ಅರಣ್ಯದವರ ಕಾಟ ಇದೆಯೇ ಎಂದೆಲ್ಲ ಕೇಳಿದ. ಅವನ ರೂಪ ನೋಡಿ ಅವಳು ಬೆರಗಾದಂತೆ ಕಾಣಲಿಲ್ಲ. ಯಾವ ವಾಡಿಯವನು ಎಂದಷ್ಟೇ ಕೇಳಿದಳು. ಅವನು ತನ್ನ ಹಾಡಿಯ ಹೆಸರು ಹೇಳಿದಾಗ, ಅದು ಮುರಬಾಡದ ಆಚೆ ಎಲ್ಲೋ ಇದೆ ಎಂಬಂತೆ ತಲೆಯಾಡಿಸಿದಳು.

ಕಾತಕರಿಗಳ ಹೆಸರೇ ಅವರ ಕಸುಬಿನಿಂದ ಬಂದದ್ದು: ಕಗ್ಗಲಿ ಮರದ ತಿರುಳನ್ನು ಕುದಿಸಿ ಕಾಚು ತೆಗೆಯುವವರು. ಬ್ರಿಟಿಷರ ಅರಣ್ಯ ಕಾಯಿದೆಗಳು ಕಾಡಿನ ಬಾಗಿಲು ಮುಚ್ಚಿದ ಮೇಲೆ ಇದ್ದಿಲು ಸುಡುವವರಾದರು, ಈಗ ಭಿವಂಡಿ, ಕಲ್ಯಾಣಗಳ ಸುತ್ತಿನ ಇಟ್ಟಿಗೆ ಗೂಡುಗಳಲ್ಲಿ ಮುಂಗಡ ಹಣಕ್ಕೆ ದುಡಿಯುವವರು. ಮಹಾರಾಷ್ಟ್ರದಲ್ಲಿ ಸರ್ಕಾರ 'ವಿಶೇಷವಾಗಿ ದುರ್ಬಲ' ಎಂದು ಗುರುತಿಸಿದ ಮೂರು ಬುಡಕಟ್ಟುಗಳಲ್ಲಿ ಅವರದೂ ಒಂದು. ಅವರ ವಾಡಿಗಳಲ್ಲಿ ಎಷ್ಟೋ ಇಂದಿಗೂ ಇನ್ನೊಬ್ಬರ ಹೆಸರಿನ ಜಮೀನಿನ ಮೇಲಿವೆ. ಹೊರಗಿನಿಂದ ಬಂದವರೇ ತುಂಬಿದ ಈ ರೈಲುದಾರಿಯಲ್ಲಿ ನಿಜಕ್ಕೂ 'ಇಲ್ಲಿಯವರು' ಎನ್ನಬಹುದಾದವರು ನೆಲದಲ್ಲಿ ಕುಳಿತಿದ್ದರು, ನಾವು ಸೀಟಿನಲ್ಲಿದ್ದೆವು.

ಕಸಾರಾದಲ್ಲಿ ಇಳಿದು ಜೀಪಿನಲ್ಲಿ ಘಟ್ಟ ಹತ್ತಿದೆವು. ನಾಸಿಕದ ಹೊರಗಿನ ಪಾಂಡವಲೇಣಿಯ ಗುಹೆಗಳನ್ನು ಬೆಳಗಿನ ತಂಪಿನಲ್ಲೇ ನೋಡಬೇಕೆಂದಿದ್ದರೂ ನಾವು ಮೆಟ್ಟಿಲೇರುವ ವೇಳೆಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೂರನೆಯ ಗುಹೆಯಲ್ಲಿ ಗೌತಮೀಪುತ್ರ ಶಾತಕರ್ಣಿಯ ಒಂದು ಆಜ್ಞೆಯಿದೆ. ಅದು ವೈಜಯಂತಿಯ ಸೇನೆಯ ವಿಜಯಶಿಬಿರದಿಂದ ಹೊರಟದ್ದೆಂದು ಆರಂಭದಲ್ಲೇ ಹೇಳುತ್ತದೆ. ಆ ವೈಜಯಂತಿ ನಮ್ಮ ಬನವಾಸಿಯೇ ಎಂಬುದು ಹಲವು ವಿದ್ವಾಂಸರ ಮತ. ವರದಾ ನದಿಯ ದಡದ ಬನವಾಸಿ ನಮ್ಮ ಗೆಳೆಯನ ಹಾಡಿಯಿಂದ ಅರ್ಧ ದಿನದ ದಾರಿ. 'ಹಾಗಾದರೆ ಈ ಕಲ್ಲು ನನ್ನದೂ ಹೌದು' ಎಂದು ಅವನು ನಕ್ಕ. ಸ್ವಲ್ಪ ಆಚೆಗೆ ಹದಿನೇಳನೆಯ ಗುಹೆ, ಇಂದ್ರಾಗ್ನಿದತ್ತ ಎಂಬುವವನು ಕೊರೆಯಿಸಿದ್ದು. ಧಮ್ಮದೇವನ ಮಗನಾದ ತಾನು ಉತ್ತರದ ದತ್ತಾಮಿತ್ರಿಯಿಂದ ಬಂದ ಯವನನೆಂದು ಅವನೇ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಪರದೇಶಿ ಇಲ್ಲಿನ ಹೆಸರಿಟ್ಟುಕೊಂಡು, ಇಲ್ಲಿನ ಧರ್ಮ ಹಿಡಿದು, ತಾನು ಹೊರಗಿನವನೆಂಬುದನ್ನೂ ಮುಚ್ಚಿಡದೆ ಕಲ್ಲಿನಲ್ಲಿ ಬರೆಯಿಸಿದ. ಕೈಯಲ್ಲಿ ದುಡ್ಡಿತ್ತು ಎಂಬುದನ್ನು ಮರೆಯಬಾರದು.

ಅಲ್ಲಿಂದ ಗೋದಾವರಿಯ ದಡಕ್ಕೆ ಬಂದೆವು. ಹಳೆಯ ನಾಸಿಕದಲ್ಲಿ ಹೊಳೆಗೆ ಅಂಟಿಕೊಂಡು ಎದ್ದಿರುವ ಮಣ್ಣಿನ ದಿಬ್ಬಕ್ಕೆ ಮಾತೀಚೀ ಗಢಿ ಎಂದು ಹೆಸರು. ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಎಸ್. ಬಿ. ದೇವ್ 1950-51ರಲ್ಲಿ ಇದನ್ನು ಅಗೆದು ಪದರ ಪದರವಾಗಿ ಓದಿದರು. ಎಲ್ಲಕ್ಕಿಂತ ಕೆಳಗೆ ತಾಮ್ರಶಿಲಾಯುಗದವರ ನೆಲೆ, ಅದರ ಮೇಲೆ ಶಾತವಾಹನರ ಕಾಲದ ಪಟ್ಟಣ, ಇನ್ನೂ ಮೇಲೆ ಮುಸಲ್ಮಾನ ಅರಸರ ಮತ್ತು ಮರಾಠರ ದಿನಗಳು. ಇನ್ನೂ ಹಿಂದಿನವರ ಕಲ್ಲಿನ ಕೊಡಲಿಗಳು ಇದೇ ನದಿಯ ಮೇಲ್ಭಾಗದಲ್ಲಿ, ಗಂಗಾಪುರದ ಬಳಿ ಸಾಂಕಳಿಯಾ ಅವರಿಗೆ ಸಿಕ್ಕಿದ್ದವು. ದಿಬ್ಬದ ಅಂಚಿನಲ್ಲಿ ಇಂದಿಗೂ ಮನೆಗಳಿವೆ. ಮಳೆಗಾಲ ಬಂತೆಂದರೆ ಮಣ್ಣು ಕುಸಿಯುವ ಭಯ. ನಾವು ನಿಂತಲ್ಲಿ ಕಡಿದಾದ ಬದಿಯಲ್ಲಿ ಬೋಕಿಗಳು, ಇಟ್ಟಿಗೆ ತುಂಡು, ಪ್ಲಾಸ್ಟಿಕ್ ಚೀಲ ಎಲ್ಲವೂ ಒಂದೇ ಗೋಡೆಯಲ್ಲಿ ಕಚ್ಚಿಕೊಂಡಿದ್ದವು. ನಮ್ಮ ಗೆಳೆಯ ಆ ಗೋಡೆಯನ್ನು ಬಹಳ ಹೊತ್ತು ನೋಡಿದ. ಯಾವ ಪದರದವರನ್ನು ಮೂಲನಿವಾಸಿ ಎನ್ನುತ್ತಾರೆ ಎಂದು ಕೇಳಿದ. ಎಲ್ಲಕ್ಕಿಂತ ಕೆಳಗಿನವರನ್ನು ಎನ್ನೋಣವೆಂದರೆ, ಅವರೂ ಎಲ್ಲಿಂದಲೋ ನಡೆದು ಬಂದು ಬರಿದಾದ ಹೊಳೆದಂಡೆಯಲ್ಲಿ ಕಲ್ಲು ಹೂಡಿದವರೇ ಅಲ್ಲವೇ?

ಹತ್ತಿರದ ಸರ್ಕಾರವಾಡಾ ಪೇಶ್ವೆಗಳ ಕಾಲದ ಕಟ್ಟಡ. ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಅಲ್ಲಿದೆ. ಸಾಗವಾನಿ ಕಂಬಗಳ ನೆರಳಿನಲ್ಲಿ ಒಂದು ಗಂಟೆ ಕಳೆದೆವು. ಇಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ನಾವು ಹುಡುಕುತ್ತಿದ್ದ ಮಕ್ಕಳ ಸುಳಿವು ನಮ್ಮ ಕಣ್ಣಿಗೆ ಬೀಳಲಿಲ್ಲ, ಅದು ಸಂಗ್ರಹಾಲಯದ ತಪ್ಪೂ ಅಲ್ಲ. ಮೈಮೇಲಿನ ಬಟ್ಟೆಯಷ್ಟರಲ್ಲಿ ಬಂದಿಳಿದವರು ಗಾಜಿನ ಪೆಟ್ಟಿಗೆಯಲ್ಲಿಡಲು ಏನನ್ನು ಬಿಟ್ಟುಹೋದಾರು?

ಶರಣಪುರ ರಸ್ತೆ ಇಂದು ನಾಸಿಕದ ಗಿಜಿಗುಡುವ ರಸ್ತೆಗಳಲ್ಲಿ ಒಂದು. ಅಂಗಡಿಗಳ ಫಲಕಗಳಲ್ಲಿ ಆ ಹೆಸರು ಓದುವಾಗ ಕನ್ನಡದ ಕಿವಿಗೆ ವಚನಕಾರರ ಶರಣರೇ ನೆನಪಾಗುತ್ತಾರೆ. ಆದರೆ ಇದು 1850ರ ದಶಕದಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು ಊರ ಹೊರಗೆ ಕಟ್ಟಿದ ಕ್ರೈಸ್ತ ಹಳ್ಳಿ, ಶರಣು ಬಂದವರ ಪುರ. ಆ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಅರಬಿ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುವ ಹಾಯಿಹಡಗುಗಳನ್ನು ಹಿಡಿಯುತ್ತಿತ್ತು. ಅವುಗಳಲ್ಲಿ ಸಿಕ್ಕ ಆಫ್ರಿಕದ ಮಕ್ಕಳನ್ನು ಮುಂಬಯಿಗೆ ತಂದಾಗ ಅವರನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಕೆಲವರನ್ನು ಮನೆಗೆಲಸಕ್ಕೆ ಹಂಚಿದರು, ಕೆಲವರನ್ನು ಮಿಷನ್ನುಗಳಿಗೆ ಒಪ್ಪಿಸಿದರು. 1860ರ ಸುಮಾರಿಗೆ ಶರಣಪುರದಲ್ಲಿ ಅವರಿಗಾಗಿಯೇ ಆಫ್ರಿಕನ್ ಆಶ್ರಮ ನೆಲೆಗೊಂಡಿತು. ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ ಅದರ ಮುಖ್ಯಸ್ಥ. ಬಡಗಿತನ, ಕಮ್ಮಾರಿಕೆ, ಓದುಬರಹ, ಪ್ರಾರ್ಥನೆ. ತಾಯಿ ಕರೆದ ಹೆಸರು ಹೋಗಿ ಜೇಕಬ್, ವಿಲಿಯಂ, ಜಾರ್ಜ್ ಎಂಬ ಹೆಸರುಗಳು ಬಂದವು. ಮುಂಬಯಿಯಿಂದ ಹೊರಟ ರೈಲು 1854ರಲ್ಲಿ ಕಲ್ಯಾಣ ಮುಟ್ಟಿತ್ತು, ಥಳ್ ಘಾಟ್ ಏರಿ ಇಗತ್‌ಪುರಿ ತಲುಪಿದ್ದು 1865ರಲ್ಲಿ. ಅದಕ್ಕೆ ಮೊದಲು ಬಂದ ಮಕ್ಕಳಿಗೆ ಘಟ್ಟದ ದಾರಿಯಲ್ಲಿ ಎತ್ತಿನ ಗಾಡಿಯೋ ತಮ್ಮ ಕಾಲೋ ಗತಿಯಾಗಿದ್ದಿರಬೇಕು. ಉಲ್ಹಾಸ, ಕಾಳೂ, ಭಾತ್ಸಾ, ನಾವು ಬೆಳಿಗ್ಗೆ ಸೇತುವೆಗಳ ಮೇಲಿಂದ ದಾಟಿದ ಹೊಳೆಗಳು. ಸಮುದ್ರ ದಾಟಿ ಬಂದ ಆ ಮಕ್ಕಳು ಅವನ್ನು ನೋಡಿ ಏನೆಂದುಕೊಂಡರೋ.

ಮುಂಬಯಿಗೆ ಬಂದಿದ್ದ ಲಿವಿಂಗ್‌ಸ್ಟನ್ ತನ್ನ ಕೊನೆಯ ಪ್ರವಾಸಕ್ಕೆ ಇಲ್ಲಿನ ಹುಡುಗರನ್ನು ಆರಿಸಿಕೊಂಡ. 1872ರಲ್ಲಿ ಅವನಿಗೆ ನೆರವಾಗಲೆಂದು ಕಳಿಸಿದ ನಾಸಿಕದ ಹುಡುಗರ ಇನ್ನೊಂದು ತಂಡದಲ್ಲಿ ಜೇಕಬ್ ವೇನ್‌ರೈಟ್ ಇದ್ದ. ಯಾವೋ ಜನಾಂಗದವನು, ಶರಣಪುರದಲ್ಲಿ ಓದಿದವನು. 1873ರ ಮೇ ಮೊದಲ ದಿನದ ಹೊತ್ತಿಗೆ ಚಿತಾಂಬೋನ ಹಳ್ಳಿಯಲ್ಲಿ ಲಿವಿಂಗ್‌ಸ್ಟನ್ ತೀರಿಕೊಂಡಾಗ ಅಂತ್ಯಕ್ರಿಯೆಯ ಪ್ರಾರ್ಥನೆ ಓದಿದವನು ಇವನೇ. ಹೃದಯವನ್ನು ಹೂತ ಮರದ ಕಾಂಡದ ಮೇಲೆ ಅಕ್ಷರ ಕೆತ್ತಿದವನೂ ಇವನೇ. ಅಲ್ಲಿಂದ ಚೂಮಾ, ಸೂಸಿ ಮೊದಲಾದವರ ಮುಂದಾಳ್ತನದಲ್ಲಿ ಒಣಗಿಸಿದ ದೇಹವನ್ನು ಹೊತ್ತು ತಿಂಗಳುಗಟ್ಟಲೆ ನಡೆದು 1874ರ ಫೆಬ್ರವರಿಯಲ್ಲಿ ಕರಾವಳಿ ಮುಟ್ಟಿದರು. ಜೇಕಬ್ ಶವದೊಡನೆ ಲಂಡನ್ನಿಗೆ ಹೋಗಿ, ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪೆಟ್ಟಿಗೆಯ ಜತೆ ನಡೆದವರಲ್ಲಿ ಒಬ್ಬನಾದ. ಅವನ ದಿನಚರಿ ಉಳಿದಿದೆ. ಜಿಂಬಾಬ್ವೆಯ ಲೇಖಕಿ ಪೆಟಿನಾ ಗಪ್ಪಾ 2019ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಆ ಶವಯಾತ್ರೆಯ ಕತೆಯನ್ನು ಅಡುಗೆಯವಳಾದ ಹಲೀಮಾ ಮತ್ತು ಜೇಕಬ್ ಇಬ್ಬರ ಬಾಯಿಂದ ಹೇಳಿಸಿದ್ದಾಳೆ. ಬೆಳಿಗ್ಗೆ ಕಂಡ ಗುಹಾಶಾಸನಗಳ ಪಕ್ಕದಲ್ಲಿ, ನಾಸಿಕದ ಈ ವಿದ್ಯಾರ್ಥಿ ಸಾವಿರಾರು ಮೈಲಿ ಆಚೆಯ ಮರದಲ್ಲಿ ಕೆತ್ತಿದ ಸಾಲುಗಳನ್ನೂ ನಾವು ಮನಸ್ಸಿನಲ್ಲೇ ಇಟ್ಟುಕೊಂಡೆವು.

1873ರಲ್ಲಿ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಎರಡು ವರ್ಷದೊಳಗೆ ಪ್ರೈಸ್ ಪಾದ್ರಿಯೇ ಮೊಂಬಾಸಾದ ಎದುರಿನ ದಡದಲ್ಲಿ ಫ್ರೀಯರ್ ಟೌನ್ ಎಂಬ ಹೊಸ ನೆಲೆ ಕಟ್ಟಿದ. ಶರಣಪುರದ ಆಫ್ರಿಕನ್ನರು ಅಲ್ಲಿಗೆ ಹೊರಟರು, ಆಶ್ರಮ ಮುಚ್ಚಿತು. ಗುಲಾಮರ ಹಡಗು ಕಂಡರೆ ಎಚ್ಚರಿಸಲು ಅಲ್ಲಿ ಬಾರಿಸುತ್ತಿದ್ದ ಗಂಟೆಯ ಗೋಪುರ ಇಂದಿಗೂ ಇದೆ, ಆ ಜಾಗಕ್ಕೆ 'ಗಂಟೆಯ ಬಳಿ' ಎಂಬ ಅರ್ಥದ ಕೆಂಗೆಲೆನಿ ಎಂಬ ಹೆಸರು ನಿಂತಿದೆ. ಇವರು ತಾಯ್ನೆಲಕ್ಕೆ ಮರಳಿದರು ಎಂದು ಮಿಷನ್ನಿನವರು ಸಂತೋಷಪಟ್ಟಿರಬೇಕು. ಆದರೆ ಆಫ್ರಿಕದಲ್ಲಿ ಇವರಿಗೆ ಬಿದ್ದ ಹೆಸರು 'ಬಾಂಬೆ ಆಫ್ರಿಕನ್ನರು'. ಇಲ್ಲಿದ್ದಾಗ ಆಫ್ರಿಕದವರು, ಅಲ್ಲಿಗೆ ಹೋದ ಮೇಲೆ ಬಾಂಬೆಯವರು. ಊರಿಗೆ ಹೋದಾಗ 'ಮುಂಬಯಿಯವರು ಬಂದರು' ಎಂದು ನಮ್ಮ ದಾಯಾದಿಗಳು ಕರೆಯುವ ಧಾಟಿ ನಮಗೆ ನೆನಪಾಗದೆ ಇರಲಿಲ್ಲ. ಹೋಲಿಕೆ ಅಷ್ಟಕ್ಕೇ ನಿಲ್ಲಬೇಕು. ನಮ್ಮನ್ನು ಯಾರೂ ಹಿಡಿದು ತಂದಿರಲಿಲ್ಲ.

ಶರಣಪುರದ ಇಗರ್ಜಿಯ ಬಳಿಯ ಮರದ ನೆರಳಿನಲ್ಲಿ ನಾವು ಕಟ್ಟಿಕೊಂಡು ಹೋಗಿದ್ದ ಚಪಾತಿ ಬಿಚ್ಚಿದೆವು. ಕತೆಯನ್ನೆಲ್ಲ ಕೇಳಿದ ಮೇಲೆ ನಮ್ಮ ಗೆಳೆಯ ಮೊದಲು ಕೇಳಿದ್ದು, ಆ ಮಕ್ಕಳಿಗೆ ಇಲ್ಲಿ ಏನು ಉಣ್ಣಲು ಕೊಡುತ್ತಿದ್ದರು ಎಂದು. ಆಮೇಲೆ ಬಹಳ ಹೊತ್ತಿನ ನಂತರ ಹೇಳಿದ: 'ಇವರನ್ನು ಬಿಡಿಸಿದರು ಸಾರ್. ನಮ್ಮವರನ್ನು ಯಾರೂ ಬಿಡಿಸಲಿಲ್ಲ. ತಾವೇ ಓಡಿದರು.' ಅಕ್ಕನ ಕಡೆ ತಿರುಗಿ ಸೇರಿಸಿದ: 'ಅದಕ್ಕೇ ನಮಗೆ ಇನ್ನೊಬ್ಬರಿಟ್ಟ ಊರಿಲ್ಲ. ಹೋದ ಕಡೆ ಕಾಡಿತ್ತು, ಕಾಡಿಗೇ ನಮ್ಮವರಾದೆವು.'

ಅವನ ಆ ಮಾತು ನಮ್ಮ ಉದ್ಯೋಗದ ಒಂದು ಕಾಲಮನ್ನು ಕಲಕಿತು. 'ಪರಿಶಿಷ್ಟ ಪಂಗಡ' ಎಂಬ ಕಾಲಂ ನಮಗೆ ದಿನನಿತ್ಯದ್ದು. ಅವನ ನೇಮಕಾತಿಯ ಕಡತದಲ್ಲೂ ಅದಿದೆ. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿರುವವರು ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು. ಆ 2020ರಲ್ಲೇ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ರಾಜ್ಯದ ಮೊದಲ ಸಿದ್ದಿ ಶಾಸಕರಾದರು. 'ಸಮುದ್ರದಾಚೆಯಿಂದ ಬಂದವರು ಆದಿವಾಸಿಗಳಾಗುವುದು ಹೇಗೆ?' ಎಂದು ನಮ್ಮ ಕಚೇರಿಯಲ್ಲೇ ಒಬ್ಬರು ಚಹಾ ಕುಡಿಯುತ್ತ ಕೇಳಿದ್ದುಂಟು. ಅವರಿಗೆ ಉತ್ತರವಾಗಿ ನಾವು 1965ರ ಲೋಕೂರ್ ಸಮಿತಿಯ ಮಾನದಂಡಗಳನ್ನು ತೆರೆದು ತೋರಿಸಿದೆವು. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಪಟ್ಟಿಯ ಭಾಷೆ ನಮಗೆ ಒಪ್ಪಿಗೆಯಾಗುವುದಿಲ್ಲ. 'ಆದಿಮ', 'ಸಂಕೋಚ' ಎಂಬ ಮಾತುಗಳಲ್ಲಿ ಕುರ್ಚಿಯ ಮೇಲೆ ಕುಳಿತವನ ದೃಷ್ಟಿಯಿದೆ. ಮರೆಯಲ್ಲಿದ್ದರೆ ಮಾತ್ರ ಬದುಕು ಎಂದು ಕಲಿತವರನ್ನು ಸಂಕೋಚದವರು ಎನ್ನುವುದು ಎಂಥ ನ್ಯಾಯ? ಆದರೂ ಒಂದನ್ನು ಗಮನಿಸಬೇಕು. 'ಮೊದಲು ಬಂದವರು ಯಾರು?' ಎಂದು ಆ ಐದರಲ್ಲಿ ಒಂದೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳುವವರು ನಾವು, ಅಮೋಘವರ್ಷನ ಶಾಸನ ಹಿಡಿದವರು, ರೈಲಿನಲ್ಲಿ ಸೀಟು ಹಿಡಿದವರು, ಬಾಗಿಲು ತೆರೆದು ವೀಸಾ ಕೇಳುವವರು.

ಆಂಬಿವಲಿಯಲ್ಲಿ ಕೊನೆಗೂ ಅವನಿಗೊಂದು ಮನೆ ಸಿಕ್ಕಿತು, ಸೇತುವೆಯ ಆಚೆ, ನದಿ ಕಾಣುವ ಒಂದೇ ಕೋಣೆ. ಮನೆಯೊಡತಿ ಕೊಲ್ಹಾಪುರದ ಕಡೆಯ ಮುದುಕಿ. ಬಾಡಿಗೆ ಕರಾರಿನ ಹಾಳೆಯಲ್ಲಿ 'ಮೂಲ ಊರು' ಎಂಬಲ್ಲಿ ಅವನು ತನ್ನ ಹಾಡಿಯ ಹೆಸರನ್ನು ದೇವನಾಗರಿಯಲ್ಲಿ ಬರೆದ. ಅವಳು ಅದನ್ನು ಜೋರಾಗಿ ಓದಿ, ಅಲ್ಲಿ ಅಕ್ಕಿ ಬೆಳೆಯುತ್ತಾರೋ ಜೋಳವೋ ಎಂದು ವಿಚಾರಿಸಿದಳು.

ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹೊಂದಿಸಿ ಕೌದಿ ಹೊಲಿಯುತ್ತಾರೆ. ಕವಂದ ಎಂದೂ ಅದಕ್ಕೆ ಹೆಸರು. ಹೊರ ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿದು ಬಂದ ಮೇಲೆ ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಕೂರಿಸುತ್ತಾರೆ. ಅವಕ್ಕೆ ಫುಲಾ ಅಂದರೆ ಹೂವು ಎಂದು ಹೆಸರು. ಫುಲಾ ಇಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ಕಳೆದ ದೀಪಾವಳಿಗೆ ಅವನು ಊರಿಗೆ ಹೊರಟಾಗ, ಅವನ ತಾಯಿ ಫೋನಿನಲ್ಲಿ ಅಕ್ಕನಿಗೆ ಹೇಳಿ ಕಳಿಸಿದ್ದಳು, ಮನೆಯಲ್ಲಿ ಹಳೆಯ ಹತ್ತಿ ಸೀರೆ, ಪಂಚೆ ಇದ್ದರೆ ಕೊಡಿ, ಹೊಸ ಬಟ್ಟೆ ಬೇಡ, ಸೂಜಿ ಇಳಿಯುವುದಿಲ್ಲ, ಎಷ್ಟು ಜನ ಮಲಗುವ ಹಾಸಿಗೆ ಎಂಬುದನ್ನೂ ತಿಳಿಸಿ ಎಂದು. ನಾವು ಕಪಾಟು ಜಾಲಾಡಿ ಒಂದು ಗಂಟು ಕಟ್ಟಿಕೊಟ್ಟೆವು. ಇಬ್ಬರದು ಎಂದು ಚೀಟಿ ಬರೆದು ಅದರೊಳಗೆ ಇಟ್ಟೆವು.